ನಿದ್ದೆ ಬಾರದವರಿಗೂ ಬೇಕು ಉಸಿರಿನ ಪರೀಕ್ಷೆ

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಈ ಗಾದೆಯನ್ನು ತಿರುಗಿಸಿ ಹಿಡಿದು, ನಿದ್ದೆ ಬಾರದವರಿಗೆಲ್ಲ ಚಿಂತೆಯೇ ಕಾರಣ ಎಂದು ತೀರ್ಮಾನಿಸುವವರೇ ಹೆಚ್ಚು. ಮಗಳ ಮದುವೆ, ಮನೆಯ ಸಾಲ, ಮಗನ ನೌಕರಿ ಎಂದು ಯಾವುದಾದರೊಂದು ಕಾರಣ ಎಲ್ಲ ಮನೆಗಳಲ್ಲೂ ಸಿಕ್ಕೇ ಸಿಗುತ್ತದೆ. ‘ಸುಮ್ಮನೆ ಏನೇನೋ ಯೋಚನೆ ಮಾಡ್ತೀಯ, ಅದಕ್ಕೇ ನಿದ್ದೆ ಬರಲ್ಲ’ ಎಂದು ಮನೆಯವರು ಹೇಳುತ್ತಾರೆ. ಪರಿಚಯದ ಔಷಧಿ ಅಂಗಡಿಯಿಂದ ಒಂದು ನಿದ್ದೆ ಮಾತ್ರೆ ಬರುತ್ತದೆ. ಅಲ್ಲಿಗೆ ವಿಚಾರ ಮುಗಿಯಿತು ಎಂದುಕೊಳ್ಳುತ್ತಾರೆ.

ಆದರೆ ವಿಚಾರ ಅಲ್ಲಿಗೆ ಮುಗಿಯುವುದಿಲ್ಲ. ರಾತ್ರಿ ಪದೇ ಪದೇ ಎಚ್ಚರವಾಗುವ, ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಕಣ್ಣು ಬಿಟ್ಟರೆ ಮತ್ತೆ ನಿದ್ದೆ ಹತ್ತದ ಅನೇಕರಲ್ಲಿ ತೊಂದರೆ ಇರುವುದು ಮನಸ್ಸಿನಲ್ಲಿ ಮಾತ್ರವಲ್ಲ, ಗಂಟಲಿನಲ್ಲೂ. ನಿದ್ದೆಯಲ್ಲಿ ಅವರ ಉಸಿರು ಆಗಾಗ ಕಟ್ಟುತ್ತಿರುತ್ತದೆ. ಅದು ಅವರಿಗೇ ತಿಳಿದಿರುವುದಿಲ್ಲ. ಇದನ್ನು ಕಂಡುಹಿಡಿಯಲು ಈಗ ಎಲ್ಲರೂ ಆಸ್ಪತ್ರೆಯಲ್ಲಿ ಮಲಗಲೇಬೇಕೆಂದಿಲ್ಲ. ಮಣಿಕಟ್ಟಿಗೆ, ಬೆರಳಿಗೆ, ಎದೆಗೆ ಸಣ್ಣ ಸಾಧನ ಕಟ್ಟಿಕೊಂಡು ಮನೆಯ ಹಾಸಿಗೆಯಲ್ಲೇ ಮಲಗಿ ಮಾಡಿಸಿಕೊಳ್ಳುವ ಪರೀಕ್ಷೆಗಳಿವೆ. ಇದು ದೊಡ್ಡ ಅನುಕೂಲವೇ ಸರಿ. ಆದರೆ ನಿದ್ದೆ ಬಾರದವರು ಈ ಪರೀಕ್ಷೆಯ ವರದಿಯನ್ನು ನಂಬುವ ಮುನ್ನ ಒಂದು ಎಚ್ಚರಿಕೆ ಅಗತ್ಯ. ಅದೇನೆಂದು ಈ ವಾರ ತಿಳಿದುಕೊಳ್ಳೋಣ.

ಗಂಟಲಿನಲ್ಲಿ ನಡೆಯುವುದೇನು?

ನಾವು ನಿದ್ದೆಗೆ ಜಾರಿದಾಗ ಮೈಯ ಸ್ನಾಯುಗಳು ಸಡಿಲವಾಗುತ್ತವೆ. ನಾಲಿಗೆಯ ಬುಡ, ಕಿರುನಾಲಿಗೆ, ಅಂಗುಳಿನ ಹಿಂಭಾಗ ಇವೂ ಸಡಿಲವಾಗಿ ಹಿಂದಕ್ಕೆ ಸರಿಯುತ್ತವೆ. ಉಸಿರಿನ ದಾರಿ ಅಗಲವಾಗಿದ್ದವರಿಗೆ ಇದರಿಂದ ತೊಂದರೆಯಿಲ್ಲ. ದಾರಿ ಕಿರಿದಾಗಿದ್ದರೆ ಗಾಳಿ ತೂರಿಕೊಂಡು ಹೋಗುವಾಗ ಈ ಭಾಗಗಳು ಅದುರುತ್ತವೆ, ಅದೇ ಗೊರಕೆ. ದಾರಿ ಪೂರ್ತಿ ಮುಚ್ಚಿದರೆ ಗೊರಕೆಯೂ ನಿಲ್ಲುತ್ತದೆ, ಉಸಿರೂ ನಿಲ್ಲುತ್ತದೆ. ಹೀಗೆ ಕನಿಷ್ಠ 10 ಸೆಕೆಂಡು ಉಸಿರು ನಿಂತರೆ ಅದಕ್ಕೆ ‘ಆಪ್ನಿಯಾ’ ಎನ್ನುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿಯತೊಡಗುತ್ತದೆ. ಮಿದುಳು ಕ್ಷಣಕಾಲ ಎಚ್ಚೆತ್ತು ಗಂಟಲಿನ ಸ್ನಾಯುಗಳನ್ನು ಬಿಗಿಗೊಳಿಸುತ್ತದೆ. ಗಟ್ಟಿಯಾಗಿ ಸದ್ದು ಮಾಡುತ್ತ ಉಸಿರು ಮರಳುತ್ತದೆ. ಮತ್ತೆ ನಿದ್ದೆ, ಮತ್ತೆ ಅದೇ ಕಥೆ. ಇದೇ ‘ಸ್ಲೀಪ್ ಆಪ್ನಿಯಾ’ ಎಂಬ ಕಾಯಿಲೆ.

ಒಂದು ಗಂಟೆಯ ನಿದ್ದೆಯಲ್ಲಿ ಉಸಿರು ಎಷ್ಟು ಬಾರಿ ನಿಲ್ಲುತ್ತದೆ ಅಥವಾ ಗಣನೀಯವಾಗಿ ಕುಗ್ಗುತ್ತದೆ ಎಂಬ ಲೆಕ್ಕದ ಮೇಲೆ ಕಾಯಿಲೆಯ ತೀವ್ರತೆಯನ್ನು ಅಳೆಯುತ್ತಾರೆ. ವಯಸ್ಕರಲ್ಲಿ ಈ ಸಂಖ್ಯೆ 5ಕ್ಕಿಂತ ಕಡಿಮೆ ಇದ್ದರೆ ಸಹಜ. 5ರಿಂದ 15ರ ಒಳಗಿದ್ದರೆ ಸೌಮ್ಯ, 15ರಿಂದ 30ರ ಒಳಗಿದ್ದರೆ ಮಧ್ಯಮ, 30 ಹಾಗೂ ಅದಕ್ಕಿಂತ ಹೆಚ್ಚಿದ್ದರೆ ತೀವ್ರ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ತಜ್ಞರು ನಮ್ಮ ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಭಾರತದ ವಯಸ್ಕರಲ್ಲಿ ಸುಮಾರು ಶೇ. 11ರಷ್ಟು ಮಂದಿಗೆ ಈ ತೊಂದರೆ ಇದೆ. ಇದನ್ನು ಹಾಗೆಯೇ ಬಿಟ್ಟರೆ ಹಗಲಿನಲ್ಲಿ ತೂಕಡಿಕೆ, ವಾಹನ ಓಡಿಸುವಾಗ ಅಪಘಾತದ ಸಂಭವ ಹೆಚ್ಚುತ್ತದೆ. ಹತೋಟಿಗೆ ಬಾರದ ರಕ್ತದೊತ್ತಡ, ಹೃದಯ ಬಡಿತದ ಏರುಪೇರು, ಪಾರ್ಶ್ವವಾಯು ಇವುಗಳೊಂದಿಗೂ ಈ ಕಾಯಿಲೆಗೆ ನಂಟಿದೆ.

ನಿದ್ದೆಗೇಡಿಗೂ ಗೊರಕೆಗೂ ಏನು ಸಂಬಂಧ?

ಸ್ಲೀಪ್ ಆಪ್ನಿಯಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕುಂಭಕರ್ಣನಂಥ ಒಬ್ಬ ದಪ್ಪ ಗಂಡಸು. ಮನೆ ಅದುರುವಂತೆ ಗೊರಕೆ ಹೊಡೆಯುವವನು, ಕೂತಲ್ಲೇ ನಿದ್ದೆ ಹೋಗುವವನು. ನಿದ್ದೆಯೇ ಬಾರದೆ ಹೊರಳಾಡುವ ಬಡಕಲು ಹೆಂಗಸಿಗೆ ಈ ಕಾಯಿಲೆ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಆದರೆ ಎರಡೂ ಒಟ್ಟಿಗೆ ಇರಬಹುದೆಂದು ವೈದ್ಯರಿಗೆ ತಿಳಿದು ಐವತ್ತು ವರ್ಷ ದಾಟಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಶ್ಚಿಯನ್ ಗಿಲ್ಲೆಮಿನೋ ಮತ್ತು ಸಂಗಡಿಗರು 1973ರಲ್ಲೇ ನಿದ್ರಾಹೀನತೆಯ ಜೊತೆಗೆ ಉಸಿರು ಕಟ್ಟುವ ರೋಗಿಗಳ ಬಗ್ಗೆ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದರು. ಆಮೇಲಿನ ಅಧ್ಯಯನಗಳು ಇದನ್ನು ಬಲಪಡಿಸಿವೆ. ನಿದ್ರಾಹೀನತೆ ಇರುವವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿಗೆ ಪರೀಕ್ಷೆ ಮಾಡಿದಾಗ ಸ್ಲೀಪ್ ಆಪ್ನಿಯಾ ಕಂಡುಬರುತ್ತದೆ. ಸ್ಲೀಪ್ ಆಪ್ನಿಯಾ ಇರುವವರಲ್ಲೂ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಮಂದಿಗೆ ನಿದ್ದೆ ಬಾರದ ತೊಂದರೆ ಇರುತ್ತದೆ.

ಇದು ಹೇಗೆ ಸಾಧ್ಯ? ಉಸಿರು ಕಟ್ಟಿದಾಗ ಕೆಲವರ ಮಿದುಳು ತುಸುವೇ ಎಚ್ಚೆತ್ತು ಮತ್ತೆ ಮಲಗುತ್ತದೆ. ಅವರಿಗೆ ಬೆಳಿಗ್ಗೆ ಏನೂ ನೆನಪಿರುವುದಿಲ್ಲ. ಇನ್ನು ಕೆಲವರದು ಸೂಕ್ಷ್ಮ ನಿದ್ದೆ. ಉಸಿರು ಸ್ವಲ್ಪ ಬಿಗಿಯಾದರೂ ಪೂರ್ತಿ ಎಚ್ಚರವಾಗಿಬಿಡುತ್ತದೆ. ಕನಸು ಬೀಳುವ ಹಂತದ ನಿದ್ದೆಯಲ್ಲಿ ಸ್ನಾಯುಗಳು ಹೆಚ್ಚು ಸಡಿಲವಾಗುತ್ತವೆ. ಈ ಹಂತ ರಾತ್ರಿಯ ಕೊನೆಯ ಭಾಗದಲ್ಲೇ ಹೆಚ್ಚು. ಬೆಳಗಿನ ಜಾವದ ಎಚ್ಚರಕ್ಕೆ ಇದೂ ಒಂದು ಕಾರಣವಾಗಬಹುದು. ಎಚ್ಚರವಾದ ಮೇಲೆ ಗಡಿಯಾರ ನೋಡುವುದು, ‘ಇನ್ನು ನಿದ್ದೆ ಬಂದ ಹಾಗೇ’ ಎಂದು ಆತಂಕಪಡುವುದು ಅಭ್ಯಾಸವಾಗುತ್ತದೆ. ಆಗ ಹಾಸಿಗೆಯನ್ನು ಕಂಡರೇ ಎಚ್ಚರವಾಗುವ ಸ್ಥಿತಿ ಬರುತ್ತದೆ. ಹೀಗೆ ಒಂದು ಕಾಯಿಲೆ ಇನ್ನೊಂದಕ್ಕೆ ಗೊಬ್ಬರ ಹಾಕುತ್ತದೆ.

ಯಾರಿಗೆ ಅನುಮಾನ ಬರಬೇಕು?

ಕೆನಡಾದ ಟೊರಾಂಟೊ ನಗರದ ಅರಿವಳಿಕೆ ತಜ್ಞರು 2008ರಲ್ಲಿ ಪ್ರಕಟಿಸಿದ ಎಂಟು ಪ್ರಶ್ನೆಗಳ ಪಟ್ಟಿಯನ್ನು ಇಂದು ಜಗತ್ತಿನೆಲ್ಲೆಡೆ ಬಳಸುತ್ತಾರೆ. ನೀವೂ ಉತ್ತರಿಸಿ ನೋಡಿ:

1. ಮುಚ್ಚಿದ ಬಾಗಿಲಿನಾಚೆಗೂ ಕೇಳುವಷ್ಟು ಗಟ್ಟಿಯಾಗಿ ಗೊರಕೆ ಹೊಡೆಯುತ್ತೀರಾ?
2. ಹಗಲಿನಲ್ಲಿ ಆಯಾಸ, ತೂಕಡಿಕೆ ಇದೆಯೇ?
3. ನಿದ್ದೆಯಲ್ಲಿ ನಿಮ್ಮ ಉಸಿರು ನಿಲ್ಲುವುದನ್ನು ಯಾರಾದರೂ ನೋಡಿದ್ದಾರೆಯೇ?
4. ರಕ್ತದೊತ್ತಡ ಇದೆಯೇ, ಅಥವಾ ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?
5. ಬೊಜ್ಜು ಇದೆಯೇ?
6. ವಯಸ್ಸು 50 ದಾಟಿದೆಯೇ?
7. ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರಿಗಿಂತ, ಅಂದರೆ ಸುಮಾರು 16 ಅಂಗುಲಕ್ಕಿಂತ ಹೆಚ್ಚಿದೆಯೇ?
8. ನೀವು ಗಂಡಸೇ?

ಮೂರು ಅಥವಾ ಹೆಚ್ಚು ಪ್ರಶ್ನೆಗಳಿಗೆ ‘ಹೌದು’ ಎಂದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ಐದು ದಾಟಿದರೆ ತಡ ಮಾಡಬಾರದು.

ಆದರೆ ಹೆಂಗಸರು ಈ ಪಟ್ಟಿಯೊಂದನ್ನೇ ನಂಬಿ ಸಮಾಧಾನಪಡಬೇಕಿಲ್ಲ. ಮುಟ್ಟು ನಿಂತ ಮೇಲೆ ಅವರಲ್ಲಿ ಈ ಕಾಯಿಲೆ ಹೆಚ್ಚುತ್ತದೆ. ಅವರು ಹೇಳಿಕೊಳ್ಳುವುದು ಗೊರಕೆಯನ್ನಲ್ಲ. ನಿದ್ದೆ ಬಾರದಿರುವುದು, ಸುಸ್ತು, ಬೆಳಗಿನ ತಲೆನೋವು, ಮನಸ್ಸಿಗೆ ಬೇಸರ. ಗೊರಕೆ ಎಂದು ಹೇಳಿಕೊಳ್ಳಲು ಸಂಕೋಚ ಬೇರೆ.

ರಾತ್ರಿ ಎರಡು ಮೂರು ಬಾರಿ ಮೂತ್ರಕ್ಕೆ ಏಳುವುದೂ ಒಂದು ಸುಳಿವು. ‘ಮೂತ್ರಕ್ಕೆ ಅವಸರವಾಗಿ ಎಚ್ಚರವಾಗುತ್ತದೆ’ ಎಂದೇ ಎಲ್ಲರೂ ತಿಳಿಯುತ್ತಾರೆ. ಮುಚ್ಚಿದ ಗಂಟಲಿನ ವಿರುದ್ಧ ಉಸಿರೆಳೆಯಲು ಹೆಣಗಾಡುವಾಗ ಹೃದಯದ ಗೋಡೆ ಹಿಗ್ಗುತ್ತದೆ. ಆಗ ಹೃದಯದಿಂದ ಒಸರುವ ಒಂದು ಹಾರ್ಮೋನು ಹೆಚ್ಚು ಮೂತ್ರ ಉತ್ಪತ್ತಿಯಾಗುವಂತೆ ಮಾಡುತ್ತದೆ. ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ತೊಂದರೆಗಳನ್ನು ಪರೀಕ್ಷಿಸಿದ ಮೇಲೂ ಕಾರಣ ಸಿಗದಿದ್ದರೆ ಉಸಿರಿನ ಕಡೆ ಗಮನ ಹೋಗಬೇಕು.

ಮನೆಯಲ್ಲೇ ಮಾಡುವ ಪರೀಕ್ಷೆ

ಈ ಕಾಯಿಲೆಗೆ ಸಂಪೂರ್ಣ ಪರೀಕ್ಷೆ ಎಂದರೆ ‘ಪಾಲಿಸೋಮ್ನೋಗ್ರಫಿ’. ಒಂದು ರಾತ್ರಿ ಆಸ್ಪತ್ರೆಯ ನಿದ್ರಾ ಪ್ರಯೋಗಾಲಯದಲ್ಲಿ ಮಲಗಬೇಕು. ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ, ಎದೆಗೆ, ಕಾಲಿಗೆ ತಂತಿಗಳನ್ನು ಅಂಟಿಸಿ ಮಿದುಳಿನ ಅಲೆ, ಉಸಿರು, ಆಮ್ಲಜನಕ, ಹೃದಯ ಬಡಿತ ಎಲ್ಲವನ್ನೂ ದಾಖಲಿಸುತ್ತಾರೆ. ಬೆಂಗಳೂರಿನಂಥ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿ ಈ ಸೌಲಭ್ಯವಿದೆ. ತಾಲ್ಲೂಕು ಕೇಂದ್ರದವರಿಗೆ ಇದು ದೂರದ ಮಾತು. ಮೊದಲೇ ನಿದ್ದೆ ಬಾರದವರಿಗೆ ಹೊಸ ಜಾಗದಲ್ಲಿ, ಮೈತುಂಬ ತಂತಿ ಕಟ್ಟಿಕೊಂಡು ನಿದ್ದೆ ಹತ್ತುವುದೂ ಕಷ್ಟ.

ಆದ್ದರಿಂದಲೇ ಮನೆಯ ಪರೀಕ್ಷೆ ಬಂದದ್ದು. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಮೂಗಿಗೆ ಸಣ್ಣ ಕೊಳವೆ, ಎದೆ ಹೊಟ್ಟೆಗೆ ಪಟ್ಟಿ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಇರುತ್ತವೆ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಆಕ್ಸಿಮೀಟರಿನ ತತ್ತ್ವವೇ ಈ ಕ್ಲಿಪ್ಪಿನದು. ಎರಡನೆಯ ಬಗೆಯದು ಮಣಿಕಟ್ಟಿಗೆ ಗಡಿಯಾರದಂತೆ ಕಟ್ಟುವ, ಬೆರಳಿಗೆ ತೊಡಿಸುವ ಸಾಧನ. ಉಸಿರು ಕಟ್ಟಿ ಮರಳಿದಾಗ ದೇಹ ಬೆದರಿದಂತಾಗಿ ಬೆರಳಿನ ರಕ್ತನಾಳಗಳು ಕುಗ್ಗುತ್ತವೆ, ನಾಡಿ ಜೋರಾಗುತ್ತದೆ. ಈ ಬದಲಾವಣೆಗಳನ್ನೂ ಆಮ್ಲಜನಕದ ಇಳಿತವನ್ನೂ ಹೊಂದಿಸಿ ಯಂತ್ರ ಲೆಕ್ಕ ಹಾಕುತ್ತದೆ. ಹೃದಯ ಬಡಿತ ತಾಳ ತಪ್ಪಿದವರು, ಪೇಸ್‌ಮೇಕರ್ ಇರುವವರು, ಪ್ರಾಸ್ಟೇಟಿಗೆ ಅಥವಾ ರಕ್ತದೊತ್ತಡಕ್ಕೆ ಆಲ್ಫಾ ಬ್ಲಾಕರ್ ಬಗೆಯ ಮಾತ್ರೆ ಸೇವಿಸುವವರು ಈ ಎರಡನೆಯ ಪರೀಕ್ಷೆಗೆ ಮುನ್ನ ವೈದ್ಯರಿಗೆ ತಿಳಿಸಬೇಕು. ಅಂಥವರಲ್ಲಿ ವರದಿ ಸರಿಯಾಗಿ ಬಾರದಿರಬಹುದು.

ಭಾಗಾಕಾರದಲ್ಲಿ ಅಡಗಿದ ತಪ್ಪು

ಈಗ ಮುಖ್ಯ ವಿಷಯಕ್ಕೆ ಬರೋಣ. ಮನೆಯ ಸಾಧನಗಳಲ್ಲಿ ಹೆಚ್ಚಿನವು ಮಿದುಳಿನ ಅಲೆಗಳನ್ನು ಅಳೆಯುವುದಿಲ್ಲ. ನೀವು ನಿಜವಾಗಿ ನಿದ್ದೆ ಮಾಡುತ್ತಿದ್ದೀರೋ ಸುಮ್ಮನೆ ಮಲಗಿದ್ದೀರೋ ಎಂದು ಅವಕ್ಕೆ ಖಚಿತವಾಗಿ ಗೊತ್ತಾಗದು. ಮೊದಲ ಬಗೆಯ ಯಂತ್ರಗಳು ಉಸಿರು ಕಟ್ಟಿದ ಒಟ್ಟು ಸಂಖ್ಯೆಯನ್ನು ನಿದ್ದೆಯ ಗಂಟೆಗಳಿಂದ ಭಾಗಿಸುವ ಬದಲು ಯಂತ್ರ ಕಟ್ಟಿಕೊಂಡಿದ್ದ ಗಂಟೆಗಳಿಂದ ಭಾಗಿಸುತ್ತವೆ.

ಒಂದು ಉದಾಹರಣೆ ನೋಡಿ. ನೀವು ರಾತ್ರಿ 10ಕ್ಕೆ ಮಲಗಿ ಬೆಳಿಗ್ಗೆ 6ಕ್ಕೆ ಎದ್ದಿರಿ. ಒಟ್ಟು 8 ಗಂಟೆ. ಅದರಲ್ಲಿ ನಿದ್ದೆ ಬಂದದ್ದು 4 ಗಂಟೆ ಮಾತ್ರ. ಆ 4 ಗಂಟೆಯಲ್ಲಿ 32 ಬಾರಿ ಉಸಿರು ಕಟ್ಟಿತು ಎನ್ನೋಣ. ಯಂತ್ರ 32ನ್ನು 8ರಿಂದ ಭಾಗಿಸಿ ಗಂಟೆಗೆ 4 ಎನ್ನುತ್ತದೆ. ಅಂದರೆ ಸಹಜ, ಕಾಯಿಲೆ ಇಲ್ಲ! ನಿಜವಾದ ಲೆಕ್ಕ 32ನ್ನು 4ರಿಂದ ಭಾಗಿಸಿದಾಗ ಬರುವ 8. ಅಂದರೆ ಕಾಯಿಲೆ ಇದೆ. ಚೆನ್ನಾಗಿ ನಿದ್ದೆ ಮಾಡುವವರಲ್ಲಿ ಈ ವ್ಯತ್ಯಾಸ ಅಲ್ಪ. ಅರ್ಧ ರಾತ್ರಿ ಎಚ್ಚರವಿರುವವರಲ್ಲಿ ವರದಿಯೇ ತಿರುಗಿಬಿಡುತ್ತದೆ.

ಇನ್ನೊಂದು ತೊಡಕೂ ಇದೆ. ಸೂಕ್ಷ್ಮ ನಿದ್ದೆಯವರು ಉಸಿರು ತುಸು ಬಿಗಿಯಾದೊಡನೆ ಎಚ್ಚರಗೊಳ್ಳುತ್ತಾರೆ ಎಂದೆನಷ್ಟೆ. ಅವರ ಆಮ್ಲಜನಕ ಇಳಿಯುವ ಮೊದಲೇ ಎಚ್ಚರವಾಗಿರುತ್ತದೆ. ಆಮ್ಲಜನಕದ ಇಳಿತವನ್ನೇ ಕಾದು ಕುಳಿತ ಯಂತ್ರಕ್ಕೆ ಅಂಥ ಘಟನೆಗಳು ಸಿಕ್ಕುವುದೇ ಇಲ್ಲ. ಮಣಿಕಟ್ಟಿನ ಸಾಧನಗಳು ಕೈ ಅಲುಗಾಟ, ನಾಡಿಗಳನ್ನು ನೋಡಿ ನಿದ್ದೆಯ ಅವಧಿಯನ್ನು ಅಂದಾಜು ಮಾಡುತ್ತವೆ. ಇದು ಒಂದು ಹೆಜ್ಜೆ ಮುಂದೆ. ಆದರೂ ಅಲುಗಾಡದೆ ಕಣ್ಣು ಮುಚ್ಚಿ ಎಚ್ಚರವಾಗಿ ಮಲಗಿರುವುದು ನಿದ್ದೆ ಬಾರದವರ ಅಭ್ಯಾಸ. ಅದನ್ನೂ ನಿದ್ದೆ ಎಂದೇ ಯಂತ್ರ ಬರೆದುಕೊಳ್ಳುವ ಸಂಭವವಿದೆ.

ಈ ಕಾರಣಗಳಿಂದಲೇ ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ತೀವ್ರ ನಿದ್ರಾಹೀನತೆ ಇರುವವರಿಗೆ ಮನೆಯ ಪರೀಕ್ಷೆಗಿಂತ ಪ್ರಯೋಗಾಲಯದ ಪರೀಕ್ಷೆಯೇ ಸೂಕ್ತ ಎಂದಿದೆ. ಹೃದಯ ಅಥವಾ ಶ್ವಾಸಕೋಶದ ಗಂಭೀರ ಕಾಯಿಲೆ ಇರುವವರು, ಪಾರ್ಶ್ವವಾಯು ಆದವರು, ಅಫೀಮು ಜಾತಿಯ ನೋವಿನ ಔಷಧಿಗಳನ್ನು ಬಹುಕಾಲದಿಂದ ಸೇವಿಸುತ್ತಿರುವವರಿಗೂ ಇದೇ ಸಲಹೆ. ಅನುಮಾನ ಬಲವಾಗಿದ್ದು ಮನೆಯ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಅಲ್ಲಿಗೆ ನಿಲ್ಲಿಸದೆ ಪ್ರಯೋಗಾಲಯದ ಪರೀಕ್ಷೆ ಮಾಡಿಸಬೇಕೆಂದೂ ಅದು ಹೇಳುತ್ತದೆ.

ಹಾಗಾದರೆ ಮನೆಯ ಪರೀಕ್ಷೆ ವ್ಯರ್ಥವೇ? ಖಂಡಿತ ಅಲ್ಲ. ಈ ಯಂತ್ರಗಳು ಹೆಚ್ಚಾಗಿ ತಪ್ಪುವುದು ಕಡಿಮೆ ತೋರಿಸುವ ಕಡೆಗೇ. ಆದ್ದರಿಂದ ಅರ್ಧ ರಾತ್ರಿ ಎಚ್ಚರವಿದ್ದೂ ವರದಿಯಲ್ಲಿ ಗಂಟೆಗೆ 15, 20 ಎಂದು ಬಂದರೆ ಕಾಯಿಲೆ ಇದೆ ಎಂದೇ ಅರ್ಥ. ನಿಜವಾದ ಸಂಖ್ಯೆ ಇನ್ನೂ ಹೆಚ್ಚಿರಬಹುದು. ನೆನಪಿಡಬೇಕಾದ ಸೂತ್ರ ಇಷ್ಟೇ: ‘ಇದೆ’ ಎಂದರೆ ಚಿಕಿತ್ಸೆಗೆ ಹೊರಡಿ, ‘ಇಲ್ಲ’ ಎಂದರೆ ವೈದ್ಯರೊಡನೆ ಇನ್ನೊಮ್ಮೆ ಮಾತಾಡಿ.

ಕೈಗಡಿಯಾರ ಹೇಳಿದ್ದು ನಿಜವೇ?

ಮಕ್ಕಳು ಕೊಡಿಸಿದ ಸ್ಮಾರ್ಟ್ ವಾಚನ್ನು ತೋರಿಸಿ ‘ಇದರಲ್ಲಿ ಎಲ್ಲ ಸರಿ ಇದೆ ಅಂತ ಬಂದಿದೆ ಡಾಕ್ಟ್ರೇ’ ಎನ್ನುವವರು ಈಗ ಬರುತ್ತಿದ್ದಾರೆ. ಸ್ಯಾಮ್‌ಸಂಗ್ ಮತ್ತು ಆಪಲ್ ಕಂಪನಿಗಳ ಕೆಲವು ಗಡಿಯಾರಗಳಲ್ಲಿ ಸ್ಲೀಪ್ ಆಪ್ನಿಯಾದ ಸೂಚನೆ ನೀಡುವ ಸೌಲಭ್ಯಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರಲ್ಲಿ ಅನುಮತಿ ನೀಡಿತು. ಆದರೆ ಇವು ಇರುವುದು ಮಧ್ಯಮ ಹಾಗೂ ತೀವ್ರ ಬಗೆಯ ಕಾಯಿಲೆಯ ಸುಳಿವು ಕೊಡಲು ಮಾತ್ರ. ರೋಗ ನಿರ್ಧರಿಸಲು ಅಲ್ಲ. ಸೌಮ್ಯ ಕಾಯಿಲೆ ಇವುಗಳ ಕಣ್ಣಿಗೆ ಬೀಳದೆ ಹೋಗಬಹುದು. ಗಡಿಯಾರ ಎಚ್ಚರಿಸಿದರೆ ಪರೀಕ್ಷೆ ಮಾಡಿಸಿ. ಎಚ್ಚರಿಸದಿದ್ದರೆ ಅದನ್ನೇ ಪ್ರಮಾಣಪತ್ರವೆಂದು ಭಾವಿಸಬೇಡಿ. ಪ್ರತಿ ಬೆಳಿಗ್ಗೆ ಅದು ಕೊಡುವ ಅಂಕ ನೋಡಿ ಕೊರಗುವವರಂತೂ ಅದನ್ನು ಬಿಚ್ಚಿಟ್ಟು ಮಲಗುವುದೇ ಲೇಸು.

ಪರೀಕ್ಷೆಯ ರಾತ್ರಿ ಹೀಗೆ ಮಾಡಿ

* ಪರೀಕ್ಷೆಗೆ ಮೊದಲು ಎರಡು ವಾರ ಒಂದು ಪುಸ್ತಕದಲ್ಲಿ ನಿದ್ದೆಯ ದಿನಚರಿ ಬರೆಯಿರಿ. ಎಷ್ಟಕ್ಕೆ ಮಲಗಿದಿರಿ, ಎಷ್ಟು ಹೊತ್ತಿಗೆ ನಿದ್ದೆ ಹತ್ತಿತು, ಎಷ್ಟು ಸಲ ಎದ್ದಿರಿ ಎಂಬುದು ಅಂದಾಜಿನಲ್ಲಿದ್ದರೂ ಸಾಕು.
* ಪರೀಕ್ಷೆಯ ರಾತ್ರಿಯ ವಿವರವನ್ನು ಮರುದಿನ ಬೆಳಿಗ್ಗೆಯೇ ಬರೆದು ಯಂತ್ರದ ಜೊತೆಗೆ ಕೊಡಿ. ವರದಿ ಓದುವ ತಜ್ಞರಿಗೆ ಇದರಿಂದ ಮೇಲೆ ಹೇಳಿದ ಭಾಗಾಕಾರವನ್ನು ಸರಿಪಡಿಸಿಕೊಳ್ಳಲು ಅನುಕೂಲ.
* ನಿಮ್ಮ ದಿನನಿತ್ಯದ ಹೊತ್ತಿಗೇ ಮಲಗಿ. ಯಂತ್ರ ಕಟ್ಟಿದ್ದಾರೆಂದು ಬೇಗ ಹಾಸಿಗೆ ಸೇರಬೇಡಿ. ಎಚ್ಚರದ ಗಂಟೆಗಳು ಹೆಚ್ಚಿದಷ್ಟೂ ಲೆಕ್ಕ ತಪ್ಪುತ್ತದೆ.
* ಕನಿಷ್ಠ 4 ಗಂಟೆಗಳ ಸರಿಯಾದ ದಾಖಲೆ ಸಿಗದಿದ್ದರೆ ಪರೀಕ್ಷೆಯನ್ನು ಮತ್ತೆ ಮಾಡಬೇಕಾಗುತ್ತದೆ. ಸಾಧ್ಯವಾದರೆ ಎರಡು ಮೂರು ರಾತ್ರಿ ಮಾಡಿಸಿ. ಉಸಿರಿನ ಸ್ಥಿತಿ ರಾತ್ರಿಯಿಂದ ರಾತ್ರಿಗೆ ಬದಲಾಗುತ್ತದೆ.
* ಬೆರಳಿನ ಉಗುರುಬಣ್ಣ ತೆಗೆಯಿರಿ. ಗಾಢ ಮೆಹಂದಿ ಇದ್ದರೆ ಮೊದಲೇ ತಿಳಿಸಿ.
* ಅಂದು ಮದ್ಯ ಬೇಡ. ದಿನವೂ ಸೇವಿಸುವ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಬಿಡಬೇಡಿ.
* ಗೊರಕೆ, ಉಸಿರು ನಿಲ್ಲುವುದು ಕಂಡರೆ ಮನೆಯವರು ಮೊಬೈಲಿನಲ್ಲಿ ಒಂದೆರಡು ನಿಮಿಷ ವಿಡಿಯೊ ತೆಗೆದಿಡಿ. ಇದು ನಗೆಯಾಟಕ್ಕಲ್ಲ, ವೈದ್ಯರಿಗೆ ತೋರಿಸಲು.

ನಿದ್ದೆ ಮಾತ್ರೆಯ ಅಪಾಯ

ಇಷ್ಟೆಲ್ಲ ಹೇಳಲು ಮುಖ್ಯ ಕಾರಣ ನಿದ್ದೆ ಮಾತ್ರೆಗಳು. ಆಲ್‌ಪ್ರಾಜೋಲಾಮ್, ಡಯಾಜೆಪಾಮ್ ಮುಂತಾದ ಮಾತ್ರೆಗಳು ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸಬಲ್ಲವು. ಮಿದುಳು ಎಚ್ಚರಗೊಳ್ಳುವುದನ್ನು ತಡಮಾಡಿಸಬಲ್ಲವು. ಉಸಿರು ಕಟ್ಟಿದಾಗ ನಮ್ಮನ್ನು ಕಾಪಾಡುವುದೇ ಆ ಕ್ಷಣದ ಎಚ್ಚರ. ಕಾಯಿಲೆ ಇದೆಯೆಂದು ತಿಳಿಯದೆ ಇಂಥ ಮಾತ್ರೆ ನುಂಗುವುದು ಕಾವಲುಗಾರನಿಗೇ ನಿದ್ದೆ ಮಾತ್ರೆ ಕೊಟ್ಟಂತೆ. ಜೊತೆಗೆ ಮದ್ಯವೂ ಸೇರಿದರೆ ಅಪಾಯ ಹೇಳತೀರದು. ಆದರೆ ಬಹಳ ಕಾಲದಿಂದ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಇಂದೇ ಮಾತ್ರೆ ನಿಲ್ಲಿಸಬಾರದು. ಏಕಾಏಕಿ ನಿಲ್ಲಿಸಿದರೆ ನಡುಕ, ಆತಂಕ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ವೈದ್ಯರ ಸಲಹೆಯಂತೆ ಹಂತಹಂತವಾಗಿ ಕಡಿಮೆ ಮಾಡಬೇಕು.

ಎರಡಕ್ಕೂ ಚಿಕಿತ್ಸೆ ಬೇಕು

ಆಸ್ಟ್ರೇಲಿಯಾದ ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದ ‘ಸಿಪ್ಯಾಪ್’ ವಿಧಾನ ಇಂದಿಗೂ ಈ ಕಾಯಿಲೆಯ ಪ್ರಮುಖ ಚಿಕಿತ್ಸೆ. ಮೂಗಿನ ಮೇಲಿನ ಮುಖವಾಡದ ಮೂಲಕ ಯಂತ್ರ ಒಂದೇ ಸಮನೆ ಗಾಳಿ ಊದಿ ಗಂಟಲನ್ನು ತೆರೆದಿಡುತ್ತದೆ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ದಂತವೈದ್ಯರು ಮಾಡಿಕೊಡುವ ಬಾಯಿಯ ಸಾಧನ ಇವೂ ಹಲವರಿಗೆ ನೆರವಾಗುತ್ತವೆ.

ಆದರೆ ನಿದ್ದೆ ಬಾರದವರಿಗೆ ಮುಖವಾಡ ಕಟ್ಟಿಕೊಂಡು ಮಲಗುವುದು ಕಷ್ಟ. ಕೆಲವೇ ದಿನಗಳಲ್ಲಿ ಯಂತ್ರ ಅಟ್ಟ ಸೇರುತ್ತದೆ. ಆದ್ದರಿಂದ ನಿದ್ರಾಹೀನತೆಗೂ ಪ್ರತ್ಯೇಕ ಚಿಕಿತ್ಸೆ ಬೇಕು. ಅದು ಮಾತ್ರೆಯಲ್ಲ, ಅಭ್ಯಾಸ ತಿದ್ದುವ ಚಿಕಿತ್ಸೆ. ದಿನವೂ ಒಂದೇ ಹೊತ್ತಿಗೆ ಏಳುವುದು, ಹಾಸಿಗೆಯಲ್ಲಿ ಸುಮಾರು ಇಪ್ಪತ್ತು ನಿಮಿಷ ಕಳೆದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆಡೆ ಕೂತು ನಿದ್ದೆ ಬಂದಾಗ ಮರಳುವುದು, ಹಾಸಿಗೆಯಲ್ಲಿ ಮೊಬೈಲು, ಟಿವಿ ನೋಡದಿರುವುದು ಇದರ ಮೊದಲ ಪಾಠಗಳು. ಆಸ್ಟ್ರೇಲಿಯಾದಲ್ಲಿ ಎರಡೂ ತೊಂದರೆ ಇದ್ದ 145 ಮಂದಿಯ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲು ಈ ಚಿಕಿತ್ಸೆ ಪಡೆದವರು ಉಳಿದವರಿಗಿಂತ ರಾತ್ರಿಗೆ ಸರಾಸರಿ ಒಂದು ಗಂಟೆ ಹೆಚ್ಚು ಕಾಲ ಸಿಪ್ಯಾಪ್ ಬಳಸಿದರು. ಎಲ್ಲ ಅಧ್ಯಯನಗಳಲ್ಲೂ ಇಷ್ಟು ಲಾಭ ಕಂಡಿಲ್ಲವಾದರೂ ನಿದ್ದೆಯ ತೊಂದರೆಗೆ ಇದು ಒಳ್ಳೆಯ ಮದ್ದು ಎಂಬುದರಲ್ಲಿ ಅನುಮಾನವಿಲ್ಲ. ಹಾಸಿಗೆಯ ಹೊತ್ತನ್ನು ಕಡಿತಗೊಳಿಸುವ ಭಾಗವನ್ನು ಮಾತ್ರ ತಜ್ಞರ ನೆರವಿಲ್ಲದೆ ಮಾಡಬೇಡಿ. ಮೊದಲ ವಾರಗಳಲ್ಲಿ ತೂಕಡಿಕೆ ಹೆಚ್ಚುವುದರಿಂದ ವಾಹನ ಓಡಿಸುವವರಿಗೆ ಅಪಾಯ.

ಮನೆಯಲ್ಲಿ ಯಾರಿಗಾದರೂ ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಡುತ್ತಿದ್ದು, ಅದು ಮೂರು ತಿಂಗಳಿಂದ ನಡೆದಿದ್ದರೆ, ಅವರಿಗೆ ಬುದ್ಧಿ ಹೇಳುವುದನ್ನು ಬಿಟ್ಟು ಅವರು ಮಲಗಿದಾಗ ಒಂದರ್ಧ ಗಂಟೆ ಪಕ್ಕದಲ್ಲಿ ಎಚ್ಚರವಾಗಿದ್ದು ಉಸಿರನ್ನು ಆಲಿಸಿ. ಗೊರಕೆ ತಟ್ಟನೆ ನಿಂತು, ಮೌನ ಕವಿದು, ಆಮೇಲೆ ಬಿಕ್ಕಿದಂತೆ ಉಸಿರು ಮರಳಿದರೆ ಅದನ್ನು ವೈದ್ಯರಿಗೆ ತಿಳಿಸಿ. ನಿದ್ದೆ ಮಾತ್ರೆ ಕೇಳುವ ಮೊದಲು ಉಸಿರಿನ ಪರೀಕ್ಷೆ ಕೇಳಿ.